ಗಣಿಗೆ ನಕ್ಷೆಯೇ ಕಣ್ಣು

ಕಲ್ಲಿದ್ದಲು ಮುಗಿದ ಮೇಲೆ ಗಣಿಯನ್ನು ಮುಚ್ಚುತ್ತಾರೆ. ಆದರೆ ಒಳಗಿನ ಸುರಂಗಗಳು ಬರಿದಾಗಿ ಉಳಿಯುವುದಿಲ್ಲ. ವರ್ಷಗಟ್ಟಲೆ ಜಿನುಗಿದ ನೀರು ಅಲ್ಲಿ ಕೆರೆಯಂತೆ ನಿಲ್ಲುತ್ತದೆ. ಮೇಲೆ ನಿಂತು ನೋಡಿದವರಿಗೆ ಕಾಣುವುದು ಹೊಲ, ಮನೆ, ರಸ್ತೆ ಮಾತ್ರ. ಪಕ್ಕದಲ್ಲೇ ಹೊಸದಾಗಿ ಅಗೆಯುವವರಿಗೆ ಆ ನೀರಿನ ಸುಳಿವು ಕೊಡಬೇಕಾದದ್ದು ಹಳೆಯ ಗಣಿಯ ನಕ್ಷೆ.

ಇಂಥ ನೀರಿನ ಭೀಕರತೆಯನ್ನು ದೇಶ ಕಂಡದ್ದು 1975ರ ಡಿಸೆಂಬರ್ 27ರಂದು. ಧನಬಾದ್ ಬಳಿಯ ಚಾಸ್ನಾಲಾ ಆಗ ಬಿಹಾರಕ್ಕೆ ಸೇರಿತ್ತು, ಈಗ ಜಾರ್ಖಂಡ್‌ನಲ್ಲಿದೆ. ಅಲ್ಲಿನ ಗಣಿಯ ಮೇಲ್ಭಾಗದ ಹಳೆಯ ಸುರಂಗಗಳಲ್ಲಿ ನಿಂತಿದ್ದ ನೀರು ನಡುವಿನ ತಡೆಯನ್ನು ಒಡೆದು ಕೆಳಗೆ ನುಗ್ಗಿತು. ಸತ್ತವರು 370ಕ್ಕೂ ಹೆಚ್ಚು ಮಂದಿ. ನೀರು ಹೊರಹಾಕಿ ಶವಗಳನ್ನು ತಲುಪಲು ವಾರಗಳೇ ಹಿಡಿದವು.

1989ರ ನವೆಂಬರ್ 13ರಂದು ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾಬೀರ್ ಗಣಿಗೂ ನೀರು ನುಗ್ಗಿತು. 71 ಮಂದಿ ಒಳಗೆ ಸಿಕ್ಕಿಬಿದ್ದರು. ಆರು ಮಂದಿ ಮುಳುಗಿ ಸತ್ತರು. ಉಳಿದ 65 ಮಂದಿಗಾಗಿ ಮೇಲಿನಿಂದ ಬಾವಿ ಕೊರೆದು, ಒಬ್ಬರು ನಿಲ್ಲುವಷ್ಟು ಜಾಗವಿದ್ದ ಉಕ್ಕಿನ ಕೊಳವೆಯನ್ನು ಇಳಿಬಿಟ್ಟರು. ಅದರಲ್ಲಿ ತಾವೇ ಕೆಳಗಿಳಿದವರು ಗಣಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್. ಕಾರ್ಮಿಕರನ್ನು ಒಬ್ಬೊಬ್ಬರಾಗಿ ಮೇಲೆ ಕಳುಹಿಸಿದರು. ಗಿಲ್ ಅವರ ಧೈರ್ಯ ಎಲ್ಲರಿಗೂ ಗೊತ್ತು. ಆದರೆ ಕೊರೆದ ಬಾವಿ ಬಂಡೆಯ ನಡುವೆ ಕೊನೆಗೊಳ್ಳದೆ, ಜನರಿದ್ದ ಸುರಂಗಕ್ಕೇ ತೆರೆದುಕೊಳ್ಳಬೇಕಿತ್ತು. ಭೂಮಿಯ ಮೇಲಿನ ಗುರುತೂ ಕೆಳಗಿನ ಸುರಂಗವೂ ಒಂದಕ್ಕೊಂದು ಹೊಂದದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಮುಂದುವರಿದ ದೇಶಗಳಲ್ಲಿ ಹೀಗಾಗದು ಎನ್ನುವಂತಿಲ್ಲ. 2002ರ ಜುಲೈನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕ್ವೆಕ್ರೀಕ್ ಗಣಿಯಲ್ಲಿ ಒಂಬತ್ತು ಮಂದಿ ಸಿಕ್ಕಿಬಿದ್ದರು. ಅವರ ಬಳಿಯಿದ್ದ ನಕ್ಷೆಯ ಪ್ರಕಾರ ನೆರೆಯ ಹಳೆಯ ಗಣಿ ಸುಮಾರು 300 ಅಡಿ ದೂರದಲ್ಲಿತ್ತು. ನಿಜವಾಗಿ ಅದರ ಗೋಡೆ ಅವರ ಯಂತ್ರದ ಮುಂದೆಯೇ ಇತ್ತು. ಹಳೆಯ ಗಣಿಯವರು ಕೊನೆಗೆ ಅಗೆದ ಭಾಗ ಆ ನಕ್ಷೆಗೆ ಸೇರಿರಲಿಲ್ಲ. ರಂಧ್ರ ಕೊರೆದು ಗಾಳಿ ಹಾಯಿಸಿ, ಮೂರು ದಿನ ಹೋರಾಡಿ ಒಂಬತ್ತೂ ಮಂದಿಯನ್ನು ಉಳಿಸಿಕೊಂಡರು.

ನಮ್ಮ ದೇಶದ ಕಲ್ಲಿದ್ದಲು ಗಣಿ ನಿಯಮಗಳಲ್ಲಿ ಇದಕ್ಕೆ ಕಟ್ಟುಪಾಡುಗಳಿವೆ. ಗಣಿ ಮುಚ್ಚುವಾಗ ಅದರ ಅಂತಿಮ ನಕ್ಷೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕು. ನೀರು ನಿಂತ ಹಳೆಯ ಸುರಂಗಕ್ಕೆ 60 ಮೀಟರ್ ಸಮೀಪ ಹೋಗುವ ಮುನ್ನ ಅನುಮತಿ ಪಡೆಯಬೇಕು, ಮುಂದಕ್ಕೆ ರಂಧ್ರ ಕೊರೆದು ಪರೀಕ್ಷಿಸಬೇಕು. ಆದರೆ ಆ 60 ಮೀಟರನ್ನು ಅಳೆಯುವುದೂ ನಕ್ಷೆಯಿಂದಲೇ.

ಶಾಲೆಯಲ್ಲಿ ಸ್ಕೇಲು, ಕೋನಮಾಪಕ ಹಿಡಿದು ಗೆರೆ ಎಳೆಯುವಾಗ ಕೂದಲೆಳೆಯಷ್ಟು ತಪ್ಪಿದರೆ ಹೋಗುವುದು ಅರ್ಧ ಅಂಕ. ಅದೇ ವಿದ್ಯೆ ಕಲಿತು ಗಣಿಯ ಸರ್ವೇಯರ್ ಆದವರ ಗೆರೆಯನ್ನು ನಂಬಿ, ಹತ್ತಾರು ವರ್ಷಗಳ ಬಳಿಕವೂ ಮುಖ ಪರಿಚಯವಿಲ್ಲದ ಯಾರೋ ಕತ್ತಲೊಳಗೆ ಹೆಜ್ಜೆಯಿಡುತ್ತಾರೆ.