ಎತ್ತರದ ಸುಂಕ

ಜಿರಾಫೆಯ ಕತ್ತು ಗಿಡ್ಡ. ನಗಬೇಡಿ. ಆಫ್ರಿಕಾದ ಬಯಲಿನಲ್ಲಿ ನೀರಿನ ಹೊಂಡದ ಮುಂದೆ ಅದು ಪಡುವ ಪಾಡು ನೋಡಿದರೆ ನೀವೂ ಒಪ್ಪುತ್ತೀರಿ. ಕತ್ತೇ ಸುಮಾರು ಆರಡಿ ಇದೆ, ಆದರೂ ಬಾಯಿ ನೆಲಕ್ಕೆ ಎಟುಕುವುದಿಲ್ಲ. ಮುಂಗಾಲು ಎರಡನ್ನೂ ಅತ್ತಿತ್ತ ಅಗಲಿಸಿ, ಇಲ್ಲವೇ ಮಂಡಿ ಮಡಚಿ, ಪೇಚಾಡಿಕೊಂಡು ಬಗ್ಗಬೇಕು. ಸಿಂಹ ಹೊಂಚು ಹಾಕಿದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿಲ್ಲ.

ಮೈಸೂರು ಮೃಗಾಲಯದಲ್ಲಿ ಜಿರಾಫೆ ಕಂಡ ಮಕ್ಕಳೆಲ್ಲ ಮೇಲೆ ನೋಡುತ್ತಾರೆ. ನನಗೆ ಅದರ ಕಾಲ ಮೇಲೆಯೇ ಕಣ್ಣು. ಅಷ್ಟು ಎತ್ತರದ ಮಿದುಳಿಗೆ ರಕ್ತ ಏರಿಸಲು ಸುಮಾರು 11 ಕಿಲೋ ತೂಗುವ, ದಪ್ಪ ಗೋಡೆಯ ಹೃದಯ ದುಡಿಯುತ್ತದೆ. ರಕ್ತದೊತ್ತಡ ನಮ್ಮದರ ಎರಡರಷ್ಟು. ಹಾಗಿದ್ದರೆ ಕಾಲು ಬಾತುಕೊಳ್ಳಬೇಕಲ್ಲ? ಇಲ್ಲ. ಉಬ್ಬಿದ ರಕ್ತನಾಳದವರಿಗೆ ವೈದ್ಯರು ತೊಡಿಸುವ ಬಿಗಿ ಕಾಲುಚೀಲದಂತೆ, ಅಲ್ಲಿನ ಗಟ್ಟಿ ಚರ್ಮವೇ ಕಾಲನ್ನು ಬಿಗಿದು ಹಿಡಿದಿರುತ್ತದೆ.

ಬಗ್ಗಿದಾಗ ಇನ್ನೊಂದು ಪೇಚು. ಈಗ ತಲೆ ಹೃದಯಕ್ಕಿಂತ ಕೆಳಗೆ. ರಕ್ತವೆಲ್ಲ ಮಿದುಳಿಗೆ ನುಗ್ಗಬೇಕು. ಮಿದುಳಿನ ಬುಡದಲ್ಲಿ ಬಲೆಯಂತೆ ಹೆಣೆದ ಸಣ್ಣ ರಕ್ತನಾಳಗಳು ಆ ರಭಸ ತಗ್ಗಿಸಲು ನೆರವಾಗುತ್ತವೆ. ಕತ್ತಿನ ಅಭಿಧಮನಿಯ ಕವಾಟಗಳು ರಕ್ತ ತಲೆಯತ್ತ ಹಿಮ್ಮರಳದಂತೆ ತಡೆಯುತ್ತವೆ.

ಇಷ್ಟೆಲ್ಲ ಏರ್ಪಾಡು ಇದ್ದರೂ ಕತ್ತಿನ ಮೂಳೆಗಳು ಏಳೇ, ನಮಗೂ ಇಲಿಗೂ ಇರುವಷ್ಟೇ. ಒಂದೊಂದೂ ಗೇಣುದ್ದ ಬೆಳೆದಿದೆ, ಅಷ್ಟೇ. ಹಳೆಯ ನಕ್ಷೆ ಎಳೆದು ಹಿಗ್ಗಿಸಿದ್ದಕ್ಕೆ ಒಂದು ನರ ಸಾಕ್ಷಿ. ಮಿದುಳಿನಿಂದ ಧ್ವನಿಪೆಟ್ಟಿಗೆಗೆ ನೇರ ದಾರಿ ಕೆಲವೇ ಅಂಗುಲ. ಆದರೆ ಆ ನರ ಎದೆಯವರೆಗೂ ಇಳಿದು, ಹೃದಯದ ಬಳಿಯ ಧಮನಿಯನ್ನು ಬಳಸಿ, ಮತ್ತೆ ಕತ್ತು ಹತ್ತುತ್ತದೆ. ಒಟ್ಟು ನಾಲ್ಕು ಮೀಟರಿಗೂ ಹೆಚ್ಚು. ಕೊಂಕಣ ಸುತ್ತಿ ಮೈಲಾರ! ಮೀನಿನಂಥ ಪೂರ್ವಜರಲ್ಲಿ ಇದೇ ನೇರ ದಾರಿಯಾಗಿತ್ತು. ಕತ್ತು ಬೆಳೆಯಿತು, ದಾರಿ ಬದಲಾಗಲಿಲ್ಲ.

ಹುಟ್ಟುವಾಗಲೂ ಸುಂಕ ತಪ್ಪದು. ತಾಯಿ ನಿಂತೇ ಹೆರುವುದರಿಂದ ಸುಮಾರು 15 ತಿಂಗಳು ಬೆಚ್ಚಗಿದ್ದ ಮರಿ ಆಳೆತ್ತರದಿಂದ ದೊಪ್ಪನೆ ಬೀಳುತ್ತದೆ. ಗಂಟೆಯೊಳಗೆ ಎದ್ದು ನಿಲ್ಲುತ್ತದೆ.

ಲಾಭವಿಲ್ಲವೆಂದಲ್ಲ. ಉಳಿದವುಗಳಿಗೆ ಎಟುಕದ ಜಾಲಿಯ ಚಿಗುರನ್ನು, ಮುಳ್ಳಿನ ನಡುವಿನಿಂದ, ಮೊಳದುದ್ದದ ಕಪ್ಪು ನಾಲಿಗೆ ಚಾಚಿ ಬಿಡಿಸಿ ತಿನ್ನುತ್ತದೆ. ಎಲೆಯಲ್ಲೇ ನೀರಿನಂಶ ಸಿಗುವುದರಿಂದ, ದಿನಗಟ್ಟಲೆ ಆ ಹೊಂಡದ ಕಡೆ ತಲೆ ಹಾಕುವುದೂ ಇಲ್ಲ.