ತೂಕ ಇಳಿಸಲು ಮೊಬೈಲಿನ ಆಹಾರಲೆಕ್ಕ: ಬಳಕೆ ಮತ್ತು ಎಚ್ಚರ

ಭೀಮಾತೀರದ ಅಗರಖೇಡ ಹಾಗೂ ಸುತ್ತಲಿನ ಇಂಡಿ, ಸಿಂದಗಿ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಉಂಡ ಅನ್ನವು ದುಡಿಮೆಯಲ್ಲಿಯೇ ಕರಗುತ್ತಿತ್ತು. ಇಂದು ಹೊಲಕ್ಕೆ ಬೈಕಿನ ಮೇಲೆ ಹೋಗುತ್ತೇವೆ, ರಾಶಿಯನ್ನು ಯಂತ್ರ ಮಾಡುತ್ತದೆ. ಊಟ ಮಾತ್ರ ಹಿಂದಿನಷ್ಟೇ ಉಳಿದಿದೆ. ಅದರ ಮೇಲೆ ಚಹಾ, ಸಕ್ಕರೆ, ಎಣ್ಣೆ ಹೆಚ್ಚಿವೆ. ಇದರ ಫಲವೇ ಸ್ಥೌಲ್ಯ, ಅಂದರೆ ಬೊಜ್ಜು. ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವುಗಳು ಅದರ ಬೆನ್ನಿಗೇ ಬರುತ್ತವೆ.

ಇತ್ತೀಚೆಗೆ ಸದ್ಭಕ್ತರಲ್ಲಿ ಅನೇಕರು, ಅದರಲ್ಲಿಯೂ ಯುವಕ ಯುವತಿಯರು, ಉಂಡದ್ದನ್ನೆಲ್ಲ ಮೊಬೈಲಿನಲ್ಲಿ ದಾಖಲಿಸಿ ತೂಕ ಇಳಿಸಲು ಯತ್ನಿಸುತ್ತಿದ್ದಾರೆ. ಇದು ಸರಿಯೇ, ಆಯುರ್ವೇದಕ್ಕೆ ಒಪ್ಪುವುದೇ ಎಂದು ಕೇಳುವವರೂ ಇದ್ದಾರೆ. ಅದನ್ನು ಇಲ್ಲಿ ವಿಚಾರಿಸೋಣ.

ಕ್ಯಾಲರಿ ಎಂದರೇನು?

ಕ್ಯಾಲರಿಯು ಆಹಾರದಲ್ಲಿರುವ ಶಕ್ತಿಯ ಅಳತೆ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ 4, ಒಂದು ಗ್ರಾಂ ಪ್ರೋಟೀನಿನಿಂದ 4, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲರಿ ದೊರೆಯುತ್ತವೆ. ಬಂದ ಶಕ್ತಿಗಿಂತ ವ್ಯಯ ಕಡಿಮೆಯಾದರೆ ಉಳಿದದ್ದು ಮೇದಸ್ಸಾಗಿ ಸಂಗ್ರಹವಾಗುತ್ತದೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಅಡಗಿದೆ. ದಿನಕ್ಕೆ 500 ಕ್ಯಾಲರಿ ಕಡಿಮೆ ಮಾಡಿದರೆ ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಯಬಹುದು. ಅನಂತರ ಇಳಿಕೆಯ ವೇಗ ತಗ್ಗುವುದು ಸಹಜ.

ಈ ಲೆಕ್ಕಕ್ಕೆ ಅನೇಕ ಆ್ಯಪ್‌ಗಳಿವೆ. ಬೆಂಗಳೂರಿನಲ್ಲಿ 2012ರಲ್ಲಿ ಆರಂಭವಾದ ಹೆಲ್ತಿಫೈಮಿ ಅವುಗಳಲ್ಲೊಂದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ನ್ಯೂಟ್ರಿಫೈ ಇಂಡಿಯಾ ನೌ ಎಂಬ ಆ್ಯಪನ್ನು ರೂಪಿಸಿದೆ. ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನಾ ಕೋಷ್ಟಕವು 528 ಭಾರತೀಯ ಆಹಾರವಸ್ತುಗಳ ವಿವರ ನೀಡುತ್ತದೆ.

ನಮ್ಮ ಊಟದ ಲೆಕ್ಕ

ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 335 ಕ್ಯಾಲರಿ ಇದೆ. 60 ಗ್ರಾಂ ಹಿಟ್ಟಿನ ಒಂದು ರೊಟ್ಟಿಯೆಂದರೆ 200 ಕ್ಯಾಲರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120, 20 ಗ್ರಾಂ ಶೇಂಗಾ ಹಿಂಡಿಯಲ್ಲಿ ನೂರರ ಆಸುಪಾಸು. ಒಂದು ಶೇಂಗಾ ಹೋಳಿಗೆ ಮುನ್ನೂರನ್ನು ಮುಟ್ಟಬಲ್ಲದು.

ಚಹಾದ ಲೆಕ್ಕ ಹೆಚ್ಚಿನವರನ್ನು ಬೆರಗುಗೊಳಿಸುತ್ತದೆ. ಸ್ವಲ್ಪ ಎಮ್ಮೆ ಹಾಲು, ಎರಡು ಸಣ್ಣ ಚಮಚ ಸಕ್ಕರೆ ಹಾಕಿದ ಒಂದು ಕಪ್ಪಿನಲ್ಲಿ ಸುಮಾರು 90 ಕ್ಯಾಲರಿ. ಮನೆಯಲ್ಲಿ, ಕಟ್ಟೆಯ ಮೇಲೆ, ಬೀಗರ ಮನೆಯಲ್ಲಿ ಎಂದು ದಿನಕ್ಕೆ ಐದು ಬಾರಿ ಕುಡಿದರೆ 450. ಅದು ಎರಡು ರೊಟ್ಟಿಗಿಂತ ಅಧಿಕ. ರೊಟ್ಟಿ ಬಿಟ್ಟು ಚಹಾ ಬಿಡದವರ ತೂಕ ಏಕೆ ಇಳಿಯದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮರೆತ ತುತ್ತನ್ನು ನೆನಪಿಸುವುದೇ ಈ ಸಾಧನದ ದೊಡ್ಡ ಉಪಕಾರ.

ಲೆಕ್ಕ ತಪ್ಪುವುದೆಲ್ಲಿ?

ಆ್ಯಪಿಗೆ ನಿಮ್ಮ ಮನೆಯ ರೊಟ್ಟಿಯ ಗಾತ್ರ ತಿಳಿಯದು. ಒಂದು ಮನೆಯ ರೊಟ್ಟಿ 40 ಗ್ರಾಂ ಹಿಟ್ಟಿನದಾದರೆ ಇನ್ನೊಂದು ಮನೆಯದು 90 ಗ್ರಾಂನದು. ಪಲ್ಯಕ್ಕೆ ಬಿದ್ದ ಎಣ್ಣೆಯನ್ನೂ ಅದು ಕಾಣದು. ಆದ್ದರಿಂದ ಒಮ್ಮೆ ಹಿಟ್ಟನ್ನು ತೂಗಿ, ಎಷ್ಟು ರೊಟ್ಟಿಯಾದವೆಂದು ಎಣಿಸಿಕೊಳ್ಳಬೇಕು. ತಿಂಗಳಿಗೆ ತಂದ ಎಣ್ಣೆಯನ್ನು ಉಣ್ಣುವವರ ಸಂಖ್ಯೆಯಿಂದ ಭಾಗಿಸಿದರೆ ಅದರ ಸತ್ಯವೂ ತಿಳಿಯುತ್ತದೆ.

ಆಯುರ್ವೇದದ ದೃಷ್ಟಿ

ಅಳತೆಯ ವಿಚಾರ ಆಯುರ್ವೇದಕ್ಕೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನವು ಆಹಾರಕ್ಕೆ ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥಾ, ಉಪಯೋಕ್ತೃ ಎಂಬ ಎಂಟು ವಿಚಾರಗಳನ್ನು ಹೇಳಿದೆ. ಇವುಗಳಲ್ಲಿ ರಾಶಿಯೆಂದರೆ ಪ್ರಮಾಣ. ಒಟ್ಟು ಊಟದ ಅಳತೆ ಸರ್ವಗ್ರಹ, ಒಂದೊಂದು ಪದಾರ್ಥದ ಅಳತೆ ಪರಿಗ್ರಹ. ಮೊಬೈಲು ಮಾಡುವುದು ಈ ಎರಡು ಲೆಕ್ಕಗಳನ್ನೇ. ಆದರೆ ಅದು ಎಂಟರಲ್ಲಿ ಒಂದು ಮಾತ್ರ. ಉಳಿದ ಏಳನ್ನು ನಾವೇ ನೋಡಿಕೊಳ್ಳಬೇಕು. ರಾತ್ರಿ ಹತ್ತಕ್ಕೆ ಉಂಡು ಒಡನೆ ಮಲಗುವುದೂ ಸಂಜೆ ಏಳಕ್ಕೆ ಹಸಿದು ಉಣ್ಣುವುದೂ ಸಂಖ್ಯೆಯಲ್ಲಿ ಒಂದೇ, ದೇಹಕ್ಕೆ ಒಂದಲ್ಲ.

ಸ್ಥೂಲರಿಗೆ ಹಸಿವು ತೀವ್ರವಾಗಿರುತ್ತದೆಂದು ಚರಕಾಚಾರ್ಯರು ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಹೇಳಿ, ಜೀರ್ಣಿಸಲು ಗುರುವಾದರೂ ಮೇದಸ್ಸನ್ನು ಬೆಳೆಸದ ಆಹಾರವನ್ನು ವಿಧಿಸುತ್ತಾರೆ. ಆ ಪಟ್ಟಿಯಲ್ಲಿ ಜವೆಗೋದಿ, ಸಾವೆ, ಹುರುಳಿ, ಹೆಸರು ಇವೆ. ಜೋಳವೆಂದು ಅರ್ಥೈಸಲಾಗುವ ಜೂರ್ಣಾಹ್ವವೂ ಇದೆ. ನಮ್ಮ ಜೋಳದಲ್ಲಿ ನೂರು ಗ್ರಾಂಗೆ ಸುಮಾರು 10 ಗ್ರಾಂ ನಾರು ಇರುವುದರಿಂದ ಹಸಿವು ಬೇಗ ಮರುಕಳಿಸದು. 200 ಕ್ಯಾಲರಿಯ ಬಿಸ್ಕತ್ತಿಗೂ 200 ಕ್ಯಾಲರಿಯ ರೊಟ್ಟಿಗೂ ಇರುವ ಭೇದ ಇದೇ.

ಯಾರು ಎಚ್ಚರ ವಹಿಸಬೇಕು?

ಇನ್ಸುಲಿನ್ ಅಥವಾ ಗ್ಲಿಮೆಪಿರೈಡಿನಂತಹ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಔಷಧಿಯ ಪ್ರಮಾಣವನ್ನು ವೈದ್ಯರಲ್ಲಿ ವಿಚಾರಿಸದೆ ಊಟ ಕಡಿಮೆ ಮಾಡಲೇಬಾರದು. ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಮಂಕು ಕವಿದು ಪ್ರಾಣಕ್ಕೇ ಅಪಾಯವಾಗಬಹುದು. ಅಂತಹ ಸಮಯದಲ್ಲಿ ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆಯ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಕೃಶರಾದ ವೃದ್ಧರು ಈ ಗೊಡವೆಗೆ ಹೋಗಬಾರದು. ಮದುವೆ ಗೊತ್ತಾದ ಹೆಣ್ಣುಮಕ್ಕಳು ದಿನಕ್ಕೆ 600, 700 ಕ್ಯಾಲರಿಗೆ ಇಳಿಯುವುದುಂಟು. ವೈದ್ಯರ ನಿಗಾ ಇಲ್ಲದೆ 1,200ಕ್ಕಿಂತ ಕೆಳಗೆ ಹೋಗುವುದು ಸಲ್ಲದು. ಅತಿಸ್ಥೂಲರಂತೆ ಅತಿಕೃಶರನ್ನೂ ಚರಕರು ನಿಂದ್ಯರ ಸಾಲಿನಲ್ಲಿಯೇ ಇರಿಸಿದ್ದಾರೆಂಬುದನ್ನು ಮರೆಯಬಾರದು.

ಬಳಸುವ ಕ್ರಮ

1. ಮೊದಲು ಅಗತ್ಯವಿದೆಯೇ ನೋಡಿ. 160 ಸೆಂ.ಮೀ. ಎತ್ತರದವರಿಗೆ 59 ಕಿಲೋ ಮೀರಿದರೆ ತೂಕ ಅಧಿಕ, 64 ಮುಟ್ಟಿದರೆ ಬೊಜ್ಜು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂ.ಮೀ. ಒಳಗಿರಬೇಕು.
2. ಮೊದಲ ವಾರ ಏನನ್ನೂ ಬದಲಿಸದೆ ಇದ್ದದ್ದನ್ನು ಇದ್ದಂತೆ ಬರೆಯಿರಿ.
3. ಅನಂತರ ಸಕ್ಕರೆ, ಎಣ್ಣೆ, ಕರಿದ ತಿನಿಸುಗಳನ್ನು ತಗ್ಗಿಸಿ. ಬೇಳೆ, ಕಾಳು, ಪುಂಡಿಪಲ್ಯ, ಮಜ್ಜಿಗೆ ಇರಲಿ.
4. ನಿತ್ಯ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಹಗಲುನಿದ್ರೆ ಬಿಡಿ.
5. ತೂಕವನ್ನು ವಾರಕ್ಕೊಮ್ಮೆ ಮಾತ್ರ, ಬೆಳಗಿನ ಬರಿ ಹೊಟ್ಟೆಯಲ್ಲಿ ನೋಡಿ.
6. ಎರಡು ಮೂರು ತಿಂಗಳಲ್ಲಿ ಅಳತೆ ಕಣ್ಣಿಗೆ ರೂಢಿಯಾಗುತ್ತದೆ. ಆಗ ಮೊಬೈಲನ್ನು ಬದಿಗಿಡಬಹುದು.

ಪ್ರಸಾದವನ್ನು ತಟ್ಟೆಯಲ್ಲಿ ಬಿಡಬಾರದೆಂಬುದು ದಾಸೋಹದ ಪಂಕ್ತಿಯ ನಿಯಮ. ಅದರ ಅರ್ಥ ಹೆಚ್ಚು ಉಣ್ಣಬೇಕೆಂದಲ್ಲ, ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂದು. ಹೊಟ್ಟೆಯ ಒಂದು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಇನ್ನೊಂದು ಭಾಗ ದೋಷಗಳ ಸಂಚಾರಕ್ಕೆ ಎಂದು ಚರಕರು ಹೇಳಿದ್ದೂ ಇದನ್ನೇ. ನೀಡುವವರಿಗೆ ಸಾಕೆಂದು ಹೇಳುವ ಅಭ್ಯಾಸವಿದ್ದವರಿಗೆ ಯಾವ ಯಂತ್ರದ ಲೆಕ್ಕವೂ ಬಹುಕಾಲ ಬೇಕಾಗದು.