ಹೊಸ ವಿಂಡೋಸ್‌ಗೆ ಪ್ರೂಫ್ ನೋಡುವವರು

ಸಾಗರದ ಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನಿಗೆ ಮೈಕ್ರೋಸಾಫ್ಟ್ ಮುಂದಿನ ವರ್ಷ ಏನು ಬಿಡುತ್ತದೆ ಅನ್ನುವ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಯಾಕೆ ಅಂದರೆ, ನನ್ನ ಹೊಟ್ಟೆಪಾಡು ನಿಂತಿರುವುದೇ ಹಳೆಯ ಸಾಫ್ಟ್‌ವೇರಿನ ಮೇಲೆ. ಮದುವೆ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ತಾಳಮದ್ದಳೆಯ ಕರಪತ್ರ ಎಲ್ಲವೂ ಪೇಜ್‌ಮೇಕರ್ ಫೈಲುಗಳು, ಒಳಗಿರುವುದು ನುಡಿ ಅಕ್ಷರ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ತಯಾರಿಸಿದ ಕಂಪನಿ ಅದನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಸಂಘದ ಕಾರ್ಯದರ್ಶಿ ಪ್ರತಿ ವರ್ಷ ಬಂದು, ‘ಹೋದ ವರ್ಷದ್ದೇ ತೆಗೀರಿ, ಅಂಕಿಅಂಶ ಬದಲಾಯಿಸಿದ್ರೆ ಸಾಕು’ ಅನ್ನುತ್ತಾರೆ. ಆ ‘ಹೋದ ವರ್ಷದ್ದು’ ಹೊಸ ವಿಂಡೋಸ್‌ನಲ್ಲಿ ತೆರೆಯುತ್ತದೋ ಇಲ್ಲವೋ ಎಂಬುದು ಕಾರ್ಯದರ್ಶಿಗಳು ಎದುರು ಕೂತ ದಿನ ಗೊತ್ತಾಗಬಾರದು, ಆರು ತಿಂಗಳು ಮೊದಲೇ ಗೊತ್ತಾಗಬೇಕು. ಅದಕ್ಕಾಗಿಯೇ ಅಂಗಡಿಯ ಮೂಲೆಯಲ್ಲೊಂದು ಬಿಡಿ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಓಡುವುದು ಇನ್ನೂ ಬಿಡುಗಡೆಯಾಗದ ವಿಂಡೋಸ್, ಅಂದರೆ ಅದರ ಪ್ರಿವ್ಯೂ ಅಥವಾ ಬೀಟಾ.

ನನ್ನ ಕಸುಬಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ: ಪ್ರಿವ್ಯೂ ಅಂದರೆ ಪ್ರೂಫ್. ಅಚ್ಚಿಗೆ ಹೋಗುವ ಮೊದಲು ಗಿರಾಕಿಯ ಕೈಗೆ ಒಂದು ಹಾಳೆ ಕೊಟ್ಟು, ‘ಹೆಸರು, ಮುಹೂರ್ತ ಸರಿ ಇದೆಯಾ ನೋಡಿ ಸಹಿ ಹಾಕಿ’ ಅನ್ನುತ್ತೇವಲ್ಲ, ಹಾಗೆ. ವ್ಯತ್ಯಾಸ ಒಂದೇ, ಇಲ್ಲಿ ಪ್ರೂಫ್ ನೋಡುವ ಗಿರಾಕಿಗಳು ಲಕ್ಷಗಟ್ಟಲೆ, ಮತ್ತು ಬಹುತೇಕರು ಓದದೆಯೇ ಸಹಿ ಹಾಕುವವರು.

ಆಪರೇಟಿಂಗ್ ಸಿಸ್ಟಂ ಅನ್ನುವುದು ಒಮ್ಮೆ ಬರೆದು ಮುಗಿಸುವ ವಸ್ತುವಲ್ಲ. ಸಾವಿರಾರು ಎಂಜಿನಿಯರುಗಳು ಬರೆದ ಕೋಡನ್ನೆಲ್ಲ ಒಟ್ಟುಗೂಡಿಸಿ, ಓಡುವಂಥ ಒಂದು ಇಡೀ ವ್ಯವಸ್ಥೆಯಾಗಿ ಮತ್ತೆ ಮತ್ತೆ ಕಟ್ಟುತ್ತಲೇ ಇರುತ್ತಾರೆ. ಹಾಗೆ ಕಟ್ಟಿದ ಪ್ರತಿಯೊಂದೂ ಒಂದು ಬಿಲ್ಡ್, ಅದಕ್ಕೊಂದು ನಂಬರು. ವಿಂಡೋಸ್ 10ರ ಮೊದಲ ಪ್ರಿವ್ಯೂ 2014ರ ಅಕ್ಟೋಬರ್ 1ರಂದು ಬಂದಾಗ ಅದರ ನಂಬರು 9841. ಮರುವರ್ಷ ಜುಲೈ 29ಕ್ಕೆ ಬಿಡುಗಡೆಯಾದದ್ದು 10240. ನಡುವೆ ಕಟ್ಟಿದ್ದರಲ್ಲಿ ಹೊರಗಿನವರ ಕಣ್ಣಿಗೆ ಬಿದ್ದವು ಬೆರಳೆಣಿಕೆಯಷ್ಟು.

ಈಗ ಇದೆಲ್ಲ ಪುಕ್ಕಟೆ. ಹಿಂದೆ ದುಡ್ಡು ಕೊಟ್ಟು ತಪ್ಪು ಹುಡುಕುವ ಕಾಲವೂ ಇತ್ತು. ಆಪಲ್ 2000ದ ಸೆಪ್ಟೆಂಬರ್‌ನಲ್ಲಿ ಮ್ಯಾಕ್ ಓಎಸ್ ಎಕ್ಸ್‌ನ ಪಬ್ಲಿಕ್ ಬೀಟಾ ಸಿ.ಡಿ.ಯನ್ನು 29.95 ಡಾಲರಿಗೆ ಮಾರಿತ್ತು. ಜನ ಕೊಂಡರು ಕೂಡ. 2001ರ ಮೇ ತಿಂಗಳಿಗೆ ಅದರ ಅವಧಿ ಮುಗಿದು ಓಡುವುದೇ ನಿಂತಿತು. ಈ ಅವಧಿ ಎಂಬುದು ಇವತ್ತಿಗೂ ಎಷ್ಟೋ ಪ್ರಿವ್ಯೂಗಳಿಗೆ ಇದೆ, ಹೊಸಬರು ಮರೆಯುವುದೇ ಇದನ್ನು. ವಿಂಡೋಸ್ 7ರ ಬೀಟಾ 2009ರ ಜನವರಿಯಲ್ಲಿ ಬಂತು. 25 ಲಕ್ಷ ಜನರಿಗೆ ಮಾತ್ರ ಎಂದು ಹೇಳಿದ್ದರು. ಮುಗಿಬಿದ್ದವರ ನೂಕುನುಗ್ಗಲಿಗೆ ಸರ್ವರುಗಳೇ ಮಲಗಿದವು, ಕೊನೆಗೆ ಮಿತಿಯನ್ನು ತೆಗೆಯಬೇಕಾಯಿತು. ಆ ಬೀಟಾ ಆಗಸ್ಟ್ 1ಕ್ಕೆ ಮುಗಿಯುವುದಿತ್ತು. ಜುಲೈ 1ರಿಂದಲೇ ಅದು ಎರಡೆರಡು ಗಂಟೆಗೊಮ್ಮೆ ತನ್ನಷ್ಟಕ್ಕೇ ಶಟ್‌ಡೌನ್ ಆಗುತ್ತಿತ್ತು. ಬೀಟಾವನ್ನೇ ಕಾಯಂ ಮಾಡಿಕೊಂಡು ಕೂತವರನ್ನು ಎಬ್ಬಿಸುವ ಉಪಾಯ ಅದು! ಅದೇ ಬೀಟಾದಲ್ಲಿ ಇನ್ನೊಂದು ಗ್ರಹಚಾರವೂ ಇತ್ತು. ವಿಂಡೋಸ್ ಮೀಡಿಯಾ ಪ್ಲೇಯರ್ ಎಂಪಿ3 ಹಾಡುಗಳ ಮಾಹಿತಿ ತುಂಬಲು ಹೋಗಿ ಕೆಲವು ಹಾಡುಗಳ ಮೊದಲ ಕೆಲ ಸೆಕೆಂಡುಗಳನ್ನೇ ಕತ್ತರಿಸಿಹಾಕುತ್ತಿತ್ತು. ತಿದ್ದುಪಡಿ ಬೇಗನೆ ಬಂತು. ಆದರೆ ಆಗಲೇ ಕತ್ತರಿಸಿಹೋದದ್ದು ಹೋಯಿತು.

ವಿಂಡೋಸ್ 8ರ ಕತೆ ಬೇರೆ. 2012ರ ಫೆಬ್ರುವರಿ 29ರಂದು ಬಂದ ಅದರ ಕನ್ಸ್ಯೂಮರ್ ಪ್ರಿವ್ಯೂನಲ್ಲಿ ಸ್ಟಾರ್ಟ್ ಬಟನ್ ಇರಲಿಲ್ಲ. ಬಳಸಿ ನೋಡಿದವರು ಬೊಬ್ಬೆ ಹೊಡೆದರು. ಕಂಪನಿ ಕೇಳಲಿಲ್ಲ, ಅಕ್ಟೋಬರ್‌ನಲ್ಲಿ ಬಟನ್ ಇಲ್ಲದೆಯೇ ಬಿಡುಗಡೆ ಮಾಡಿತು. ಮರುವರ್ಷ 8.1ರಲ್ಲಿ ಬಟನ್ನು ವಾಪಸು ಬಂತು, ವಿಂಡೋಸ್ 10ರಲ್ಲಿ ಮೆನುವೂ ಬಂತು. ಆ ಪೆಟ್ಟು ತಿಂದ ಮೇಲೆಯೇ ‘ವಿಂಡೋಸ್ ಇನ್‌ಸೈಡರ್’ ಯೋಜನೆ ಶುರುವಾದದ್ದು. ಯಾರು ಬೇಕಾದರೂ ಹೆಸರು ನೋಂದಾಯಿಸಿ ಪ್ರಿವ್ಯೂ ಹಾಕಿಕೊಳ್ಳಬಹುದು, ಕಂಡದ್ದನ್ನು ‘ಫೀಡ್‌ಬ್ಯಾಕ್ ಹಬ್’ ಎಂಬ ಆ್ಯಪ್‌ನಲ್ಲಿ ಬರೆಯಬಹುದು. ಎರಡೇ ವಾರಗಳಲ್ಲಿ 10 ಲಕ್ಷ ಜನ ಸೇರಿದರು.

ಮೂಲೆಯ ಲ್ಯಾಪ್‌ಟಾಪ್ ನೋಡಿದವರು ತಪ್ಪದೆ ಕೇಳುವುದು ಪರದೆಯ ಬಣ್ಣದ ಬಗ್ಗೆ. ವಿಂಡೋಸ್ ಕುಸಿದುಬಿದ್ದಾಗ ನೀಲಿ ಪರದೆ ಬರುತ್ತಿದ್ದುದನ್ನು ಎಲ್ಲರೂ ನೋಡಿದ್ದೇವೆ. ಇನ್‌ಸೈಡರ್ ಬಿಲ್ಡ್‌ಗಳಲ್ಲಿ ಅದು ಹಸಿರು. ಯಾರಾದರೂ ಪರದೆಯ ಫೋಟೋ ಕಳಿಸಿದರೆ, ಕೆಟ್ಟಿರುವುದು ಬಿಡುಗಡೆಯಾದ ವಿಂಡೋಸೋ ಪ್ರಿವ್ಯೂವೋ ಎಂದು ಒಂದೇ ನೋಟಕ್ಕೆ ಗೊತ್ತಾಗಲಿ ಎಂದು 2016ರ ಕೊನೆಗೆ ಹೀಗೆ ಮಾಡಿದರು. ಇಂಥ ಸಣ್ಣ ಬುದ್ಧಿವಂತಿಕೆ ನನಗೆ ಇಷ್ಟ.

ಇನ್ನು 2018ರ ಅಕ್ಟೋಬರ್ ವಿಷಯ. ವಿಂಡೋಸ್ 10ರ 1809 ಎಂಬ ಅಪ್‌ಡೇಟ್ ಆ ತಿಂಗಳ 2ಕ್ಕೆ ಹೊರಬಂತು. ಮೂರ್ನಾಲ್ಕು ದಿನಗಳಲ್ಲೇ ಅದನ್ನು ತಡೆಹಿಡಿಯಬೇಕಾಯಿತು, ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್ ಒಳಗಿದ್ದ ಫೈಲುಗಳೇ ಮಾಯವಾಗಿದ್ದವು. ಕಾರಣ ನಮ್ಮಂಥವರಿಗೆ ತೀರ ಹತ್ತಿರದ್ದು. ನಮ್ಮ ಕಡೆ ಕಂಪ್ಯೂಟರ್ ರಿಪೇರಿಯವರು ಮೊದಲು ಹೇಳುವ ಬುದ್ಧಿಮಾತೇ ‘ಸಿ ಡ್ರೈವ್‌ನಲ್ಲಿ ಏನೂ ಇಡಬೇಡಿ, ಡಿಗೆ ಹಾಕಿ’ ಎಂದು. ಹಾಗೆ ಡಾಕ್ಯುಮೆಂಟ್ಸ್ ಫೋಲ್ಡರಿನ ಜಾಗವನ್ನೇ ಬದಲಿಸಿದರೆ ಸಿಯಲ್ಲಿ ಹಳೆಯ ಫೋಲ್ಡರ್ ಉಳಿದುಕೊಳ್ಳುತ್ತದೆ. ಹಿಂದಿನ ಅಪ್‌ಡೇಟ್ ಆದ ಮೇಲೆ ‘ಒಂದೇ ಹೆಸರಿನ ಎರಡೆರಡು ಫೋಲ್ಡರ್ ಕಾಣುತ್ತಿವೆ, ಒಂದು ಖಾಲಿ’ ಎಂಬ ದೂರು ಬಂದಿತ್ತು. ಸರಿ, ಹಳೆಯದನ್ನು ಅಳಿಸುವ ಕೋಡ್ ಬರೆದರು. ಆದರೆ ಕೆಲವರ ಹಳೆಯ ಫೋಲ್ಡರ್ ಖಾಲಿ ಇರಲಿಲ್ಲ. ಅವರು ಜಾಗ ಬದಲಿಸಿದ್ದರೇ ಹೊರತು ಹಳೆಯ ಫೈಲುಗಳನ್ನು ಹೊಸ ಜಾಗಕ್ಕೆ ಸಾಗಿಸಿರಲಿಲ್ಲ. ಕೋಡ್ ಅದನ್ನು ನೋಡದೆ ಗುಡಿಸಿಹಾಕಿತು.

ನನ್ನನ್ನು ಕಾಡಿದ್ದು ಆ ಕೋಡ್ ಅಲ್ಲ. ಬಿಡುಗಡೆಗೆ ತಿಂಗಳುಗಳ ಮೊದಲೇ ಫೀಡ್‌ಬ್ಯಾಕ್ ಹಬ್‌ನಲ್ಲಿ ಕೆಲವರು ‘ನನ್ನ ಫೈಲುಗಳು ಹೋದವು’ ಎಂದು ಬರೆದಿದ್ದರು. ಅಲ್ಲಿನ ಪದ್ಧತಿ ಹೇಗೆಂದರೆ, ಒಬ್ಬರು ಬರೆದದ್ದಕ್ಕೆ ‘ನನಗೂ ಹೀಗೇ ಆಗಿದೆ’ ಎಂದು ಉಳಿದವರು ಒತ್ತಬೇಕು. ಹೆಚ್ಚು ಜನ ಒತ್ತಿದ್ದು ಮೇಲೆ ಬರುತ್ತದೆ. ಐಕಾನ್ ಬಣ್ಣ ಚೆನ್ನಾಗಿಲ್ಲ ಎಂದರೆ ಸಾವಿರ ಜನ ಒತ್ತುತ್ತಾರೆ, ಐಕಾನು ಎಲ್ಲರಿಗೂ ಕಾಣುತ್ತದಲ್ಲ! ಫೈಲು ಹೋಗುವುದು ಹತ್ತು ಸಾವಿರದಲ್ಲಿ ಒಬ್ಬರಿಗೆ. ಕಂಪನಿಯೇ ಕೊಟ್ಟ ಲೆಕ್ಕದಲ್ಲಿ ಫೈಲು ಹೋಯಿತೆಂದು ವರದಿ ಮಾಡಿದವರು ಶೇ. 0.01ರಷ್ಟು. ಹಾಗಾಗಿ ಆ ಬರಹಗಳು ಅಡಿಯಲ್ಲೇ ಉಳಿದವು. ಕೊನೆಯ ಸುತ್ತಿನ ಪರೀಕ್ಷೆಗೆಂದಿರುವ ರಿಲೀಸ್ ಪ್ರಿವ್ಯೂ ಗುಂಪಿಗೆ ಅಪ್‌ಡೇಟನ್ನು ಕಳಿಸದೆ ನೇರ ಹೊರಗೆ ಬಿಟ್ಟದ್ದೂ ಸೇರಿಕೊಂಡಿತು. ನವೆಂಬರ್ 13ಕ್ಕೆ ಸರಿಪಡಿಸಿ ಮತ್ತೆ ಬಿಟ್ಟರು. ಆ ಹೊತ್ತಿಗೆ ಫೀಡ್‌ಬ್ಯಾಕ್ ಹಬ್‌ನಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿತ್ತು: ಈ ತೊಂದರೆ ಎಷ್ಟು ಗಂಭೀರ? ತಲೆ ಎಣಿಸುವುದರಿಂದ ತೂಕ ತಿಳಿಯುವುದಿಲ್ಲ ಎಂಬುದನ್ನು ಅಷ್ಟು ದೊಡ್ಡ ಕಂಪನಿ ಕಲಿಯುವುದಕ್ಕೆ ಜನರ ಕಡತಗಳು ಹೋಗಬೇಕಾಯಿತು.

ಇದಕ್ಕೆ ತದ್ವಿರುದ್ಧವಾದದ್ದು ಲಿನಕ್ಸ್ ಲೋಕದಲ್ಲಿ ನಡೆಯಿತು. ಲಿನಕ್ಸ್‌ನಲ್ಲಿ ಡೆಬಿಯನ್ ಎಂಬ ಬಗೆಗೆ ‘ಸಿಡ್’ ಎಂಬ ಪ್ರಯೋಗದ ಆವೃತ್ತಿ ಯಾವಾಗಲೂ ಇರುತ್ತದೆ, ಎಲ್ಲ ಹೊಸತೂ ಮೊದಲು ಬಂದು ಬೀಳುವುದು ಅದರಲ್ಲಿ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ 2024ರ ಮಾರ್ಚ್‌ನಲ್ಲಿ ಅಂಥದೊಂದು ಯಂತ್ರದ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ವೇಗ ಅಳೆಯುತ್ತಿದ್ದರು. ದೂರದಿಂದ ಆ ಯಂತ್ರಕ್ಕೆ ಲಾಗಿನ್ ಆಗಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯಿತು. ಅರ್ಧ ಸೆಕೆಂಡು! ನಾನಾಗಿದ್ದರೆ ನೆಟ್ ನಿಧಾನ ಅಂದುಕೊಂಡು ಚಹಾ ತರಿಸುತ್ತಿದ್ದೆ. ಅವರು ಬೆನ್ನು ಹತ್ತಿದರು. ಹೋಗಿ ಮುಟ್ಟಿದ್ದು ಎಕ್ಸ್‌ಝಡ್ ಎಂಬ ಪುಟ್ಟ ಸಾಫ್ಟ್‌ವೇರಿಗೆ, ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವುದಷ್ಟೇ ಅದರ ಕೆಲಸ. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳದಾರಿಯೊಂದನ್ನು ಹುದುಗಿಸಿಟ್ಟಿದ್ದರು. ಹುದುಗಿಸಿದವನು ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿಕೊಟ್ಟು, ಆ ಯೋಜನೆಯ ನಂಬಿಕೆ ಗಳಿಸಿದ್ದವನು. ಮಾರ್ಚ್ 29ರಂದು ಫ್ರಾಯಿಂಡ್ ಎಲ್ಲವನ್ನೂ ಬಯಲು ಮಾಡಿದರು. ಜಗತ್ತಿನ ಅಸಂಖ್ಯಾತ ಸರ್ವರುಗಳು ಓಡುವ ಸ್ಥಿರ ಆವೃತ್ತಿಗಳಿಗೆ ಅದು ಇನ್ನೂ ಇಳಿದಿರಲಿಲ್ಲ. ಉಬುಂಟು 24.04ರ ಬೀಟಾ ಏಪ್ರಿಲ್ 4ಕ್ಕೆ ಬರಬೇಕಿದ್ದದ್ದು ಎಲ್ಲವನ್ನೂ ಹೊಸದಾಗಿ ಕಟ್ಟಿ 11ಕ್ಕೆ ಬಂತು. ಒಂದು ವಾರ ತಡ, ಅಷ್ಟರಲ್ಲಿ ಮುಗಿಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನ್ನಿಸುವುದಿಷ್ಟು. ಪ್ರಿವ್ಯೂ ಹಾಕಿಕೊಂಡವರ ಸಂಖ್ಯೆಯಿಂದ ಏನೂ ಆಗುವುದಿಲ್ಲ. ಎಲ್ಲೋ ಏನೋ ಸರಿಯಿಲ್ಲ ಎಂದು ಅನ್ನಿಸಿದಾಗ ಕೈಬಿಡದೆ ಹುಡುಕಿ, ಇನ್ನೊಬ್ಬರು ಅದನ್ನೇ ಮತ್ತೆ ಮಾಡಿ ನೋಡುವ ಹಾಗೆ ಬರೆಯುವವರು ಬೇಕು. ಕನ್ನಡದ ಮಟ್ಟಿಗೆ ಅಂಥವರು ತೀರ ಕಡಿಮೆ. ವಿಂಡೋಸ್ ಎಕ್ಸ್‌ಪಿ ಜತೆ ತುಂಗಾ ಫಾಂಟ್ ಬಂದಾಗಿನಿಂದ ಕನ್ನಡ ವಿಂಡೋಸ್‌ನ ಒಳಗೇ ಇದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆ 2019ರ ಮೇ ಅಪ್‌ಡೇಟ್‌ನಲ್ಲಿ ಬಂತು. ಅದು ಕೂಡ ಮೊದಲು ಇನ್‌ಸೈಡರ್ ಬಿಲ್ಡ್‌ಗಳಲ್ಲೇ ಕಾಣಿಸಿಕೊಂಡದ್ದು. ಅಲ್ಲಿ ಅದನ್ನು ಒತ್ತಿ ನೋಡಬೇಕಾದವರು ನಾವೇ, ಅಮೆರಿಕದಲ್ಲಿ ಕೂತವರಿಗೆ ‘ಸೂರ್ಯ’ದ ಅರ್ಕಾವತ್ತು ಬೇರೆ, ‘ರ‍್ಯಾಂಕ್’ನ ರಕಾರ ಬೇರೆ ಎಂದು ಯಾರು ಹೇಳಬೇಕು?

ನನ್ನಲ್ಲೊಂದು ಪುಟದ ಫೈಲಿದೆ. ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಸೂರ್ಯ, ರ‍್ಯಾಂಕ್, ಕನ್ನಡ ಅಂಕಿಗಳು, ರೂಪಾಯಿ ಚಿಹ್ನೆ, ಒಂದು ಉದ್ದನೆಯ ಸಮಾಸಪದ. ಹೊಸ ಬಿಲ್ಡ್ ಬಂದಾಗ ಇದನ್ನು ತೆರೆದು ನೋಡುತ್ತೇನೆ, ಪ್ರಿಂಟ್ ತೆಗೆದು ಹಳೆಯ ಪ್ರಿಂಟಿನ ಪಕ್ಕ ಇಡುತ್ತೇನೆ, ಪಿಡಿಎಫ್ ಮಾಡಿ ಅದರೊಳಗೆ ‘ರಾಷ್ಟ್ರ’ ಎಂದು ಹುಡುಕಿದರೆ ಸಿಗುತ್ತದೋ ನೋಡುತ್ತೇನೆ. ಆಮೇಲೆ ಪೇಜ್‌ಮೇಕರ್ ಫೈಲು. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುವುದರಿಂದ, ಫಾಂಟು ತಪ್ಪಿದರೆ ಇಡೀ ವಾರ್ಷಿಕ ವರದಿ ಅರ್ಥವಿಲ್ಲದ ಇಂಗ್ಲಿಷ್ ಆಗಿ ನಿಲ್ಲುತ್ತದೆ.

ಬರೆಯುವ ರೀತಿಯ ಬಗ್ಗೆ ಒಂದು ಮಾತು. ಹೆಸರು ಬೇಡ, ಒಂದು ಅಪ್ಲಿಕೇಷನ್ನಿನ ಪ್ರಿವ್ಯೂನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಒತ್ತಕ್ಷರದ ಕೊನೆಯ ಭಾಗ ಮಾತ್ರ ಹೋಗುವ ಬದಲು ಇಡೀ ಅಕ್ಷರವೇ ಹೋಗುತ್ತಿತ್ತು. ಅಂಗಡಿಯ ಹುಡುಗ ‘ಕನ್ನಡ ಸರಿಯಾಗಿ ಬರ್ತಿಲ್ಲ ಅಂತ ಹಾಕಲಾ ಅಣ್ಣ?’ ಅಂದ. ‘ಹಾಗೆ ಹಾಕಿದ್ರೆ ಅವರು ಏನು ಅಂತ ಹುಡುಕ್ತಾರೆ ಮಾರಾಯ’ ಎಂದು ಕೂರಿಸಿಕೊಂಡು ಬರೆಸಿದೆ: ಬಿಲ್ಡ್ ನಂಬರು ಇದು, ಕೀಲಿಮಣೆ ಇದು, ‘ರಾಷ್ಟ್ರ’ ಎಂದು ಟೈಪ್ ಮಾಡಿ ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿ, ‘ರಾಷ್ಟ್’ ಉಳಿಯಬೇಕು, ‘ರಾ’ ಮಾತ್ರ ಉಳಿಯುತ್ತದೆ. ಚಿತ್ರವನ್ನೂ ಲಗತ್ತಿಸಿದೆವು. ಕನ್ನಡ ಬಾರದ ಎಂಜಿನಿಯರ್ ಕೂಡ ಇದನ್ನು ಮಾಡಿ ನೋಡಬಹುದು.

ಹಾಕಿಕೊಳ್ಳಬೇಕೆಂದಿರುವವರಿಗೆ: ವಿಂಡೋಸ್‌ನಲ್ಲಿ ಪ್ರಿವ್ಯೂಗಳಿಗೆ ಬೇರೆ ಬೇರೆ ಹಂತಗಳಿವೆ. ಮೊದಲಿನವು ಹಸಿಹಸಿ, ಕೊನೆಯದು ಹೆಚ್ಚುಕಡಿಮೆ ತಯಾರಾದದ್ದು. ಹತ್ತುವುದು ಸುಲಭ, ಇಳಿಯಬೇಕೆಂದರೆ ಸಾಮಾನ್ಯವಾಗಿ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಒಂದೇ ಕಂಪ್ಯೂಟರ್ ಇರುವವರು ವರ್ಚುವಲ್‌ಬಾಕ್ಸ್‌ನಂಥ ಸಾಫ್ಟ್‌ವೇರಿನೊಳಗೆ ಓಡಿಸಿ ನೋಡುವುದು ಮೇಲು, ಆದರೆ ನಿಜವಾದ ಪ್ರಿಂಟರು ಹೇಗೆ ವರ್ತಿಸುತ್ತದೆಂದು ಅಲ್ಲಿ ಪೂರ್ತಿ ತಿಳಿಯದು. ಲಿನಕ್ಸ್ ಆದರೆ ಪೆನ್‌ಡ್ರೈವ್‌ನಿಂದಲೇ ಉಬುಂಟು ಬೀಟಾ ಓಡಿಸಬಹುದು, ಹಾರ್ಡ್‌ಡಿಸ್ಕ್ ಮುಟ್ಟುವುದೇ ಬೇಡ. ಇನ್ನೊಂದು, ವಿಂಡೋಸ್ ಪ್ರಿವ್ಯೂ ಯಂತ್ರ ತನ್ನೊಳಗೆ ನಡೆದದ್ದರ ವಿವರಗಳನ್ನು ಕಂಪನಿಗೆ ಕಳಿಸುತ್ತಲೇ ಇರುತ್ತದೆ, ಸೇರುವಾಗ ಒಪ್ಪಿಗೆ ಕೊಟ್ಟೇ ಸೇರಿರುತ್ತೇವೆ. ಗಿರಾಕಿಗಳ ಆಧಾರ್ ಪ್ರತಿ, ಪಹಣಿ ಅದರ ಹತ್ತಿರ ಸುಳಿಯಕೂಡದು.

ನಮ್ಮೂರಿನ ಮಾಸ್ತರೊಬ್ಬರು ಮೊನ್ನೆ ಅಂಗಡಿಗೆ ಬಂದವರು ಹೊಸ ಟಾಸ್ಕ್‌ಬಾರ್ ನೋಡಿ ಮರುಳಾದರು.

‘ನಂಗೂ ಇದನ್ನ ಹಾಕ್ಕೊಡು ಮಾರಾಯ.’

‘ಮಾಸ್ತರೇ, ನಿಮ್ಮ ಕಂಪ್ಯೂಟರಲ್ಲಿ ಮಕ್ಕಳ ಅಂಕಪಟ್ಟಿ ಇದೆ. ಬೇಡ.’

‘ಇದ್ರಲ್ಲಿ ಹಾಗಾದ್ರೆ ಏನೂ ಇಲ್ವನಾ?’

‘ನಿಮ್ಮ ಶಾಲೆ ಶತಮಾನೋತ್ಸವದ ಆಹ್ವಾನ ಪತ್ರಿಕೆ ಇದೆ. ನಕಲು. ಅಸಲು ಒಳಗಿನ ಕಂಪ್ಯೂಟರಲ್ಲಿದೆ, ಅದರದ್ದೊಂದು ಪ್ರತಿ ನಿಮ್ಮ ಪೆನ್‌ಡ್ರೈವಿಗೆ ಈಗಲೇ ಹಾಕ್ಕೊಡ್ತೇನೆ, ಕೊಡಿ ಇಲ್ಲಿ.’